ಎಣಿಸದೆ ಬಿಟ್ಟ ಐದು

ದೊಡ್ಡಬಳ್ಳಾಪುರದ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಕೆಳಗೆ ರಾಗಿ ಬೀಸುತ್ತಾರೆ, ಮೇಲಿನ ಕೋಣೆಯಲ್ಲಿ ಗೋವಿಂದರಾಜು ಜನರನ್ನು ಮಲಗಿಸುತ್ತಿದ್ದ. ಮೆಟ್ಟಿಲ ಪಕ್ಕದ ಬೋರ್ಡಿನಲ್ಲಿ ‘ಸಮ್ಮೋಹನ ಚಿಕಿತ್ಸಾ ಕೇಂದ್ರ’ ಎಂದು ದಪ್ಪಕ್ಷರದಲ್ಲಿ ಬರೆಸಿ, ಕೆಳಗೆ ತಾನು ವಾಸಿ ಮಾಡುವ ತೊಂದರೆಗಳ ಪಟ್ಟಿ ಕೊಟ್ಟಿದ್ದ. ನಿದ್ದೆ ಬಾರದಿರುವುದು, ಪರೀಕ್ಷೆಯ ಭಯ, ಕುಡಿತ, ಉಗುರು ಕಚ್ಚುವುದು ಎಂಬ ನಾಲ್ಕನ್ನಷ್ಟೇ ಅವನು ಚೀಟಿಯಲ್ಲಿ ಬರೆದುಕೊಟ್ಟದ್ದು. ಆದರೆ ಬೋರ್ಡ್ ಬರೆಯುವ ಸೊಣ್ಣಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, “ಕೆಳಗಡೆ ಬೋಳು ಬೋಳು ಕಾಣ್ತದೆ ಸಾರ್, ಇನ್ನೊಂದಷ್ಟು ಕಾಯಿಲೆ ಹೇಳಿ” ಎಂದ. ಬೋಳಾಗಿ ಕಾಣುವುದರ ಸಂಕಟ ಗೋವಿಂದರಾಜುವಿಗೆ ತಲೆಯ ವಿಷಯದಲ್ಲಿ ಚೆನ್ನಾಗಿಯೇ ಗೊತ್ತಿತ್ತು. ಹೀಗೆ ಮರೆವು, ಬಿಕ್ಕಳಿಕೆ, ಎದೆ ಭಾರ, ಮೊಣಕಾಲು ನೋವು, ಅತ್ತೆ ಸೊಸೆ ಮನಸ್ತಾಪ ಎಲ್ಲ ಸೇರಿ ಪಟ್ಟಿ ಹತ್ತೊಂಬತ್ತಕ್ಕೆ ನಿಂತಿತು. ನಿಂತದ್ದು ಕಾಯಿಲೆಗಳು ಮುಗಿದವೆಂದಲ್ಲ, ತಗಡು ಮುಗಿಯಿತೆಂದು.

ಅದಕ್ಕೆ ಮೊದಲು ಅವನು ಇಪ್ಪತ್ತಾರು ವರ್ಷ ಬಾಶೆಟ್ಟಿಹಳ್ಳಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದ. ಮಗ್ಗಗಳ ಸದ್ದಿನ ಮೇಲೆ ಕೂಗಿ ಕೂಗಿ ಅವನ ದನಿ ಒಂದು ದಿನ ಸೋತು, ಎದೆಯೊಳಕ್ಕೆ ಇಳಿದು, ಬಾವಿಯ ತಳದಿಂದ ಯಾರೋ ಸಮಾಧಾನ ಹೇಳುತ್ತಿರುವಂತೆ ಆಗಿಬಿಟ್ಟಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಯಲಹಂಕದ ಹೋಟೆಲೊಂದರ ಹಾಲಿನಲ್ಲಿ ನಡೆದ ಒಂಬತ್ತು ದಿನದ ಸಮ್ಮೋಹನ ತರಬೇತಿಗೆ ಸೇರಿದಾಗ, ಕಲಿಸುವವರು ಆ ದನಿ ಕೇಳಿ “ಇದು ದೇವರು ಕೊಟ್ಟದ್ದು” ಎಂದರು. ಕೊಟ್ಟದ್ದು ಮಗ್ಗ ಎಂದು ಗೋವಿಂದರಾಜು ತಿದ್ದಲು ಹೋಗಲಿಲ್ಲ. ಕೊನೆಯ ದಿನ ಊಟವಾದ ಮೇಲೆ ‘ಈ ವೃತ್ತಿಯಲ್ಲಿ ಮಾಡಬಾರದ ತಪ್ಪುಗಳು’ ಎಂಬ ಪಾಠವಿತ್ತು. ಅದಕ್ಕೆ ಸ್ವಲ್ಪ ಮೊದಲು, ಅಭ್ಯಾಸಕ್ಕೆಂದು ಹೊಸಕೋಟೆಯ ಮೇಷ್ಟ್ರೊಬ್ಬರು ಅವನನ್ನು ಮಲಗಿಸಿದ್ದರು. ಚೆನ್ನಾಗಿಯೇ ಮಲಗಿಸಿದ್ದರು. ಗೋವಿಂದರಾಜು ಕಣ್ಣು ಬಿಟ್ಟಾಗ ಪ್ರಮಾಣಪತ್ರ ಹಂಚುತ್ತಿದ್ದರು.

ಹಾಗಾಗಿ ಮಾಡಬಾರದ ತಪ್ಪುಗಳನ್ನೆಲ್ಲ ಅವನು ಮಾಡಿಯೇ ಕಲಿಯಬೇಕಾಯಿತು.

ಗಿರಣಿಯ ಮೇಲೆ ಕೋಣೆ ಹಿಡಿದದ್ದರಿಂದಲೇ ಶುರು. ಕೆಳಗೆ ಮಿಷನ್ ಓಡುವಾಗ ಮಂಚ ಸಣ್ಣಗೆ ನಡುಗಿ, ಬಂದವರು ತೊಟ್ಟಿಲ ಕೂಸಿನ ಹಾಗೆ ನಿದ್ದೆ ಹೋಗುತ್ತಿದ್ದರು. ಕರೆಂಟು ಹೋದ ಕೂಡಲೇ ಗಿರಣಿ ನಿಂತು, ಆ ನಿಶ್ಶಬ್ದಕ್ಕೆ ಬೆಚ್ಚಿ ಎದ್ದು ಕೂರುತ್ತಿದ್ದರು. ನಂಟರಿಗೆ ಪುಕ್ಕಟೆ ಎಂದು ಒಂದು ಮದುವೆ ಮನೆಯಲ್ಲಿ ಬಾಯಿ ತಪ್ಪಿ ಹೇಳಿದ. ವಾರದೊಳಗೆ ಬೂದಿಗೆರೆಯ ಕಡೆಯಿಂದ ಅವನು ಎಂದೂ ಕಾಣದ ನಂಟರು ಬರತೊಡಗಿದರು. ಇನ್ನು, ಬಂದವರ ಮನೆಮಂದಿಯನ್ನೂ ಒಳಗೆ ಬಿಟ್ಟುಕೊಳ್ಳುತ್ತಿದ್ದ. ಬಿಡದೆ ಏನು ಮಾಡುವುದು? ಈ ಕಡೆ ಒಬ್ಬರೇ ಯಾರು ಬರುತ್ತಾರೆ? ನಿದ್ದೆ ಬಾರದ ಒಬ್ಬಳ ಜೊತೆ ನಿದ್ದೆ ಬರುವ ಐವರು ಬರುತ್ತಾರೆ. ಅವಳನ್ನು ಇನ್ನೂ ಅರ್ಧ ನಿದ್ದೆಗೆ ಇಳಿಸಿರುವಾಗಲೇ ಅತ್ತೆ ಮುಂದಕ್ಕೆ ಬಗ್ಗಿ, “ಯಾವ್ ದೇವ್ರಮ್ಮ ನೀನು? ಏನ್ ಬೇಕು, ಹೇಳ್ಬಿಡು” ಎಂದು ಕೇಳುವಳು.

“ಅದು ದೇವರಲ್ಲಮ್ಮ, ಚಿಕಿತ್ಸೆ.”

“ನೀವ್ ಸುಮ್ಕಿರಿ ಸಾರ್, ಮೈಮೇಲೆ ಬಂದಾಗ್ಲೇ ಕೇಳ್ಬೇಕು.”

ಮಲಗಿದ್ದವಳು ಒಂದು ಕಣ್ಣು ತೆರೆದು, “ಅತ್ತೆ, ನಾನೇ ಕಣತ್ತೆ” ಎನ್ನುವಳು. ಅಲ್ಲಿಗೆ ಅಂದಿನ ಸಮ್ಮೋಹನ ಮುಗಿಯಿತು.

ಈ ಪರಿಸ್ಥಿತಿಯಲ್ಲಿ ಬಂದವನು ಹೆಂಡತಿಯ ತಮ್ಮ ರವಿಚಂದ್ರ. ದೇವನಹಳ್ಳಿಯಲ್ಲಿ ಸೈಟು ಮಾರುವ ರವಿಚಂದ್ರನ ಪ್ರಕಾರ ವ್ಯಾಪಾರವೆಂದರೆ ಬೇಲಿಯಾಚೆ ನಿಲ್ಲಿಸಿ ತೋರಿಸುವುದು.

“ಭಾವ, ನೀವು ಎಲ್ಲಾ ಒಂದೇ ಸಲ ಕೊಟ್ಬಿಡ್ತೀರ. ಹಂಗಲ್ಲ. ನಿಮ್ಮ ವಾಯ್ಸ್ ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಬಿಡಿ, ಫ್ರೀ. ಆದ್ರೆ ಪೂರ್ತಿ ಬೇಡ.”

“ಪೂರ್ತಿ ಬೇಡ ಅಂದ್ರೆ?”

“ಮಲಗ್ಸೋದು ಫ್ರೀ. ಎಬ್ಬಿಸ್ಬೇಕು ಅಂದ್ರೆ ಇಲ್ಲಿಗೆ ಬರ್ಬೇಕು.”

“ಏಳ್ದೆ ಹೆಂಗೋ ಬರ್ತಾರೆ?”

“ಭಾವ, ಅದೆಲ್ಲಾ ಸಣ್ಣಪುಟ್ಟದ್ದು. ಆಮೇಲ್ ನೋಡ್ಕೊಳ್ಳಣ.”

ಸಮ್ಮೋಹನದಲ್ಲಿ ಹತ್ತರಿಂದ ಒಂದಕ್ಕೆ ಎಣಿಸಿ ಮಲಗಿಸುತ್ತಾರೆ, ಆಮೇಲೆ ಒಂದರಿಂದ ಐದಕ್ಕೆ ಎಣಿಸಿ ಎಬ್ಬಿಸುತ್ತಾರೆ. ಎಣಿಸದೆ ಬಿಟ್ಟರೂ ಏನೂ ಆಗುವುದಿಲ್ಲ, ಮನುಷ್ಯ ಮಾಮೂಲಿ ನಿದ್ದೆಗೆ ಜಾರಿ, ಹೊಟ್ಟೆ ಹಸಿದಾಗ ತಾನೇ ಏಳುತ್ತಾನೆ ಎಂದು ತರಬೇತಿಯಲ್ಲಿ ಹೇಳಿದ್ದರು. ಆ ಪಾಠದ ಹೊತ್ತಿಗೆ ಗೋವಿಂದರಾಜು ಎಚ್ಚರವಿದ್ದ. ಆ ಧೈರ್ಯದ ಮೇಲೆ ಕೊನೆಯ ಐದು ಅಂಕಿಗಳನ್ನು ಕತ್ತರಿಸಿದರು. ಹನ್ನೆರಡು ನಿಮಿಷದ ಧ್ವನಿ. ಅದರ ಕೊನೆಯ ವಾಕ್ಯ, “ನಾನು ಕರೆಯುವ ತನಕ ನೀವು ಏಳುವುದಿಲ್ಲ.” ಅದಾದ ಮೇಲೆ ರವಿಚಂದ್ರನ ದನಿಯಲ್ಲಿ ವಿಳಾಸ.

ಅದು ಹಬ್ಬಿದ್ದು ರಾತ್ರಿ ಪಾಳಿಯವರಲ್ಲಿ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ರಾತ್ರಿಯಿಡೀ ದುಡಿದು ಬೆಳಗ್ಗೆ ಮನೆಗೆ ಬರುವವರ ಕಷ್ಟ ಬೇರೆ. ಊರೆಲ್ಲ ಎದ್ದು ಕುಕ್ಕರ್ ಕೂಗಿಸುವ ಹೊತ್ತಿಗೆ ಅವರು ಕಣ್ಣು ಮುಚ್ಚಬೇಕು. ಒಬ್ಬನ ಫೋನಿನಿಂದ ಇನ್ನೊಬ್ಬನಿಗೆ, ಕಾರ್ಖಾನೆ ಬಸ್ಸಿನಲ್ಲಿ ಅಕ್ಕಪಕ್ಕ ಕೂತವರಿಗೆ, ಅವರ ಭಾವಮೈದುನರಿಗೆ ಗೋವಿಂದರಾಜುವಿನ ದನಿ ದಾಟಿಕೊಂಡು ಹೋಯಿತು. ಕೇಂದ್ರಕ್ಕೆ ಮಾತ್ರ ಯಾರೂ ಬರಲಿಲ್ಲ. ಪುಕ್ಕಟೆ ನಿದ್ದೆ ಸಿಕ್ಕವನು ಎಬ್ಬಿಸಿಕೊಳ್ಳಲು ಯಾಕೆ ಬಂದಾನು? ಆದರೆ ಹೆಸರು ಬಂತು. ಬೇಕರಿಯಲ್ಲಿ ಅವನು “ಒಂದು ದಿಲ್‌ಪಸಂದ್ ಕೊಡಪ್ಪ” ಎಂದರೆ ಪಕ್ಕದಲ್ಲಿ ನಿಂತವನು ಆಕಳಿಸುತ್ತಿದ್ದ. ಗೋವಿಂದರಾಜು ಇದನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಾಗ ಹೆಂಡತಿ ಆದಿಲಕ್ಷ್ಮಮ್ಮ, “ಊರಿಗೆಲ್ಲಾ ನಿದ್ದೆ ಬರುಸ್ತೀರ. ನಂಗ್ ಮಾತ್ರ ನಿಮ್ ಗೊರಕೆಗೆ ಎಚ್ಚರ ಆಗ್ತದೆ” ಎಂದಳು.

ಶ್ರಾವಣ ಕಳೆದ ಒಂದು ಸೋಮವಾರ ಬೆಳಗ್ಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಮಗಳ ಜೊತೆ ಮೆಟ್ಟಿಲು ಹತ್ತಿ ಬಂದಳು. ಮಗಳು ಬಾಗಿಲಲ್ಲೇ ನಿಂತಳು. ಹೆಂಗಸು ಕೂರಲಿಲ್ಲ.

“ನೀವೇನಾ ಸಾಮಿ, ಫೋನಲ್ಲಿ ಮಾತಾಡೋರು?”

“ನಾನು ಸ್ವಾಮಿ ಅಲ್ಲಮ್ಮ. ಕೂತ್ಕೊಳ್ಳಿ.”

ಅವನ ದನಿ ಕಿವಿಗೆ ಬಿದ್ದದ್ದೇ ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. “ನೀವೇ” ಎಂದಳು.

ಹೆಸರು ಅಂಜಿನಮ್ಮ. ಮನೆ ಬಾಶೆಟ್ಟಿಹಳ್ಳಿಯಲ್ಲಿ. ನಿಂತೇ ಹೇಳಿದಳು. “ನಮ್ಮೆಜಮಾನ್ರು ಚಲಪತಿ ಅಂತ, ಪೈಪ್ ಫ್ಯಾಕ್ಟ್ರೀಲಿ ನೈಟ್ ಶಿಫ್ಟು. ಹೋದ ಬುಧವಾರ ಬೆಳಗ್ಗೆ ಬಂದ್ರು, ಮುದ್ದೆ ಉಂಡ್ರು, ನಿಮ್ಮುನ್ನ ಹಾಕ್ಕೊಂಡು ಮಲಗುದ್ರು. ಮುಗುದ್ರೆ ತಿರ್ಗಾ ಮೊದ್ಲಿಂದ ಬರೋ ಹಂಗೆ ಇಟ್ಕೊಂಡಿದ್ರು. ನಾಲ್ಕ್ ಗಂಟೆಗೆ ನಾನು ಟೀ ತಗೊಂಡೋದಾಗ ನೀವಿನ್ನೂ ಮಾತಾಡ್ತಾನೇ ಇದ್ರಿ. ಅವ್ರು ಏಳ್ಲಿಲ್ಲ.”

“ಹಾರ್ಟ್ ಅಟ್ಯಾಕ್ ಅಂದ್ರು ಡಾಕ್ಟ್ರು” ಎಂದಳು ಬಾಗಿಲಲ್ಲಿದ್ದ ಮಗಳು ಅರ್ಪಿತ. “ಅಮ್ಮ ಕೇಳಲ್ಲ ಸಾರ್.”

“ಹಾರ್ಟು ಗೀರ್ಟು ನಂಗೊತ್ತಿಲ್ಲ. ಮೂರನೇ ದಿನ ಹಾಲು ತುಪ್ಪ ಬಿಟ್ಟು ಎಡೆ ಇಟ್ವಿ. ಮಧ್ಯಾಹ್ನದ ಗಂಟ ಕಾದ್ವಿ. ಒಂದ್ ಕಾಗೆ ಬರ್ಲಿಲ್ಲ. ನಮ್ಮತ್ತೆಗೆ ಬಂತು, ಮಾವಂಗೆ ಬಂತು. ಇವ್ರಿಗ್ಯಾಕೆ ಬರಲ್ಲ? ಎದ್ದಿದ್ರೆ ತಾನೆ ಸಾಮಿ ಉಣ್ಣಕ್ ಬರೋದು?” ಅವಳ ದನಿಯಲ್ಲಿ ಜಗಳವಿರಲಿಲ್ಲ. ತಂದ ರಾಗಿ ಬೀಸಿ ಆಯ್ತಾ ಎಂದು ಕೆಳಗೆ ಕೇಳುವವರ ಹಾಗೆ ಕೇಳಿದಳು. “ನಾನ್ ಕರೆಯೋ ಗಂಟ ಏಳ್ಬೇಡ ಅಂದ್ರಿ. ಅವ್ರು ಮೊದ್ಲಿಂದ್ಲೂ ಹೇಳುದ್ ಮಾತು ಕೇಳೋರು. ಬರೋ ಶನಿವಾರ ಹನ್ನೊಂದನೇ ದಿನ. ಮನೇಗ್ ಬಂದು ಒಂದ್ಸಲ ಕರ್ದುಬಿಡಿ.”

ಗೋವಿಂದರಾಜು ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಹೇಳಿದ. ಸಮ್ಮೋಹನಕ್ಕೆ ಯಾರೂ ಸಾಯುವುದಿಲ್ಲ, ಅದರಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಅಂಜಿನಮ್ಮ ಪೂರ್ತಿ ಕೇಳಿಸಿಕೊಂಡು, “ಹನ್ನೊಂದ್ ಗಂಟೆಗೆ ಎಡೆ ಇಡ್ತೀವಿ” ಎಂದು ಹೇಳಿ ಇಳಿದು ಹೋದಳು.

ಕೆಳಗೆ ಗಿರಣಿ ಓಡುತ್ತಿತ್ತು. ಚಲಪತಿ ಎಂಬ ಹೆಸರು ಆ ನಡುಕದಲ್ಲಿ ಮೆಲ್ಲಗೆ ತಳದಿಂದ ಎದ್ದು ಬಂತು.

ಕೇಂದ್ರಕ್ಕೆ ಒಬ್ಬನೇ ಬಂದ ಏಕೈಕ ಮನುಷ್ಯ ಆತ. ಏಪ್ರಿಲ್ ತಿಂಗಳು. ಚಪ್ಪಲಿಯನ್ನು ಹೊರಗೆ ಸಾಲಾಗಿ ಜೋಡಿಸಿಟ್ಟು ಬಂದು, ಅಂಗೈಯನ್ನು ಎದೆಯ ಎಡಕ್ಕೆ ಇಟ್ಟುಕೊಂಡು, “ಮಲ್ಕೊಂಡ್ರೆ ಮೇಲೆ ಯಾರೋ ಕೂತಂಗೆ ಭಾರ ಸಾರ್. ಮನೇಲಿ ಹೇಳಿ ಬಂದಿಲ್ಲ. ಬೋರ್ಡಲ್ಲಿ ಬರ್ಸಿದೀರಲ್ಲ, ಎದೆ ಭಾರ ಅಂತ” ಎಂದಿದ್ದ. ಅತ್ತೆಯಿಲ್ಲ, ನಂಟರಿಲ್ಲ, ಕರೆಂಟೂ ಇದೆ. ಕೊನೆಗೂ ಪುಸ್ತಕದಲ್ಲಿ ಇರುವಂಥ ರೋಗಿ ಸಿಕ್ಕನೆಂದು ಗೋವಿಂದರಾಜು ಹಿಗ್ಗಿ ಹೋಗಿದ್ದ. “ಅದು ಮನಸ್ಸಿನ ಭಾರ ಚಲಪತಿಯವರೇ. ಇಳಿಸೋಣ” ಎಂದಿದ್ದ. ಮಲಗಿಸಿದ. ಐದಕ್ಕೆ ಎಣಿಸಿ ಎಬ್ಬಿಸಿಯೂ ಇದ್ದ. ಹಗುರಾಯಿತೆಂದು ಚಲಪತಿ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ. “ದಿನಾ ಇದನ್ನ ಕೇಳಿ, ಡಾಕ್ಟ್ರು ಗೀಕ್ಟ್ರು ಬೇಡ” ಎಂದು ತಾನೇ ಅವನ ಫೋನಿಗೆ ಧ್ವನಿ ಕಳಿಸಿದ್ದ.

ಡಾಕ್ಟರು ಬೇಡ ಎಂದದ್ದು ನಿಜವಾಗಿಯೂ ತಾನೇನಾ, ಈಗ ಭಯದಲ್ಲಿ ಸೇರಿಸಿಕೊಳ್ಳುತ್ತಿದ್ದೇನಾ? ಮಂಗಳವಾರ ಇಡೀ ದಿನ ಅದನ್ನೇ ಯೋಚಿಸಿದ. ಅಂದದ್ದು ನಿಜ ಎಂದು ಸಂಜೆಯ ಹೊತ್ತಿಗೆ ಒಪ್ಪಿಕೊಂಡ.

ತರಬೇತಿಯವರಿಗೆ ಫೋನ್ ಮಾಡಿ, ಎದೆ ಭಾರದ ವಿಷಯ ಬಿಟ್ಟು ಉಳಿದದ್ದನ್ನು ಕೇಳಿದ. “ನಿಮ್ಮದೇನೂ ತಪ್ಪಿಲ್ಲ, ಕಡೇ ದಿನದ ಪಾಠದಲ್ಲಿ ಹೇಳಿದ್ವಲ್ಲ” ಎಂದರು. ಅವನು ಹೌದು ಎಂದ. ರವಿಚಂದ್ರ ಮಾತ್ರ ಸುದ್ದಿ ಕೇಳಿ ಅಂದೇ ಮನೆಗೆ ಓಡಿ ಬಂದ.

“ಭಾವ, ಹೋಗ್ಬೇಡಿ. ಹೋದ್ರೆ ಒಪ್ಕೊಂಡಂಗೆ. ನಾಳೆ ಪೊಲೀಸ್ನೋರು ಬಂದು ಬೋರ್ಡ್ ಇಳಿಸ್ತಾರೆ.”

“ಹೋಗದೇ ಇದ್ರೆ?”

“ಹೋಗದೇ ಇದ್ರೆ ಏನು? ಸತ್ತೋನು ಎದ್ದು ಬಂದು ಕಂಪ್ಲೇಂಟ್ ಕೊಡ್ತಾನಾ?”

ತಟ್ಟೆ ತೊಳೆಯುತ್ತಿದ್ದ ಆದಿಲಕ್ಷ್ಮಮ್ಮ ಕೈ ನಿಲ್ಲಿಸಿದಳು. “ಏಳ್ಲಿಲ್ಲ ಅಂತ್ಲೇ ಕಣೋ ಆಯಮ್ಮ ಬಂದಿದ್ದು” ಎಂದಳು.

ಬುಧವಾರ ಗೋವಿಂದರಾಜು ಒಂದರಿಂದ ಐದಕ್ಕೆ ಎಣಿಸಿ, ಕೆಳಗೆ ‘ದಯವಿಟ್ಟು ಎಲ್ಲರಿಗೂ ಕಳಿಸಿ’ ಎಂದು ಬರೆದು, ಮೊದಲು ಧ್ವನಿ ಬಿಟ್ಟಿದ್ದ ಗುಂಪುಗಳಿಗೆಲ್ಲ ಬಿಟ್ಟ. ಯಾರೂ ಯಾರಿಗೂ ಕಳಿಸಲಿಲ್ಲ. ರಾತ್ರಿ ಪಾಳಿಯ ಒಬ್ಬ ಕೈ ಮುಗಿಯುವ ಚಿತ್ರ ಹಾಕಿ, ‘ಇದು ಬೇಡ ಗುರುಗಳೇ, ಹಳೇದೇ ಚೆನ್ನಾಗಿದೆ’ ಎಂದು ಬರೆದ.

ಗುರುವಾರ ಬೆಳಗ್ಗೆ ಅವನು ಬಾಶೆಟ್ಟಿಹಳ್ಳಿಗೆ ಹೋದ. ಅಂಜಿನಮ್ಮನ ಮನೆಗೆ ಹೋಗುವ ಉದ್ದೇಶವಿರಲಿಲ್ಲ, ದೂರದಿಂದ ನೋಡಿ ಬರೋಣ ಎಂದುಕೊಂಡಿದ್ದ. ಕಾರ್ಖಾನೆಗಳ ಹಿಂದಿನ ಸಂದುಗಳಲ್ಲಿ ಒಂದೇ ಅಳತೆಯ ವಠಾರದ ಮನೆಗಳು. ಒಂಬತ್ತು ಗಂಟೆಯ ಬಿಸಿಲು ಚೆನ್ನಾಗಿ ಬಿದ್ದಿತ್ತು. ಹೆಂಗಸರು ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ನಿಂತಿದ್ದರು, ಕೋಳಿ ಓಡಾಡುತ್ತಿದ್ದವು. ಎಡಗಡೆಯ ಕಿಟಕಿಯೊಳಗಿಂದ ಅವನ ದನಿ, “ನಿಮ್ಮ ಕಾಲುಗಳು ಭಾರವಾಗುತ್ತಿವೆ” ಎಂದಿತು. ನಾಲ್ಕು ಹೆಜ್ಜೆ ಹಾಕಿದ. ಬಲಗಡೆಯಿಂದ ಅದೇ ದನಿ, “ಏಳು, ಆರು” ಎಂದು ಎಣಿಸಿತು. ಮುಂದಿನ ಮನೆಯಲ್ಲಿ “ಜಾರುತ್ತಿದ್ದೀರಿ”, ಅದರಾಚೆಯ ಮನೆಯಲ್ಲಿ “ಇನ್ನೂ ಆಳಕ್ಕೆ”. ಪರದೆ ಎಳೆದ ಕಿಟಕಿಗಳ ಹಿಂದೆ ಗಂಡಸರು ಮಲಗಿದ್ದರು. ತೆರೆದ ಒಂದು ಬಾಗಿಲಿನಿಂದ ಒಬ್ಬನ ಪಾದಗಳು ಕಾಣುತ್ತಿದ್ದವು. ಗೋವಿಂದರಾಜು ಅವುಗಳನ್ನು ನೋಡುತ್ತ ನಿಂತ, ಎಡಗಾಲಿನ ಹೆಬ್ಬೆರಳು ಅಲುಗುವ ತನಕ ನಿಂತೇ ಇದ್ದ.

“ಯಾರ್ ಬೇಕಾಗಿತ್ತಣ್ಣ?” ಎಂದು ನಲ್ಲಿಯ ಹತ್ತಿರದವಳೊಬ್ಬಳು ಕೇಳಿದಳು.

ಬಾಯಿ ತೆರೆದರೆ ಅದೇ ದನಿ ಬರುತ್ತದೆಂದು ಅವನು ತಲೆಯಾಡಿಸಿ ಹೊರಟುಬಿಟ್ಟ.

ಶನಿವಾರ ಅವನು ಹೋದ. ರವಿಚಂದ್ರನಿಗೆ ಹೇಳಲಿಲ್ಲ. ಕರೆಯುವುದು ಕಷ್ಟವಲ್ಲ, ಐದು ಅಂಕಿ. ಕರೆದು, ಕೈ ಮುಗಿದು, ಏನೂ ಹೇಳದೆ ಬಂದುಬಿಡಬಹುದು. ಎದೆ ಭಾರದ ಮಾತು ಗೊತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬ ಹೇಳುವ ಸ್ಥಿತಿಯಲ್ಲಿಲ್ಲ. ದಾರಿಯುದ್ದಕ್ಕೂ ಗೋವಿಂದರಾಜು ಇದನ್ನೇ ತನಗೆ ಸಮಾಧಾನವೆಂದು ಹೇಳಿಕೊಂಡ. ಊರಿಗೆಲ್ಲ ನಾಟಿದ ಆ ದನಿ ಅವನಿಗೆ ಮಾತ್ರ ನಾಟಲಿಲ್ಲ.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಚಲಪತಿಯ ಅಣ್ಣ ವೆಂಕಟರಮಣಪ್ಪ ಬಾಗಿಲಲ್ಲಿ ತಡೆದು, “ಇವ್ರ್ಯಾರಮ್ಮ?” ಎಂದು ಕೇಳಿದರು.

“ಅಪ್ಪನ ಫೋನಲ್ಲಿ ಮಾತಾಡ್ತಿದ್ರಲ್ಲ ದೊಡ್ಡಪ್ಪ, ಅವ್ರು” ಎಂದಳು ಅರ್ಪಿತ.

“ಓ, ನಿದ್ದೆಯೋರು!” ಅವರ ಮುಖ ಅರಳಿತು. “ನಮ್ಮುಡುಗಂಗೂ ನಿಮ್ದೇ. ಬನ್ನಿ, ಬನ್ನಿ. ಊಟ ಮಾಡ್ಕೊಂಡೇ ಹೋಗ್ಬೇಕು.”

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಗೋವಿಂದರಾಜುವಿಗೆ.

ಒಳಗೆ ಚಲಪತಿಯ ಫೋಟೋದ ಮುಂದೆ ಎಡೆ ಇಟ್ಟಿದ್ದರು. ದೊಡ್ಡ ಬಾಳೆ ಎಲೆಯಲ್ಲಿ ಮುದ್ದೆ, ಕೋಳಿ ಸಾರು, ವಡೆ, ಒಬ್ಬಟ್ಟು. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಲೋಟ ಟೀ. ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳಬೇಕು. ಹೋದವರು ಬಂದು ಉಣ್ಣಲು ಒಂದಷ್ಟು ಹೊತ್ತು ಬಿಡಬೇಕು. ಎಲ್ಲರೂ ಹೋದರು. ಅಂಜಿನಮ್ಮ ಮಾತ್ರ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

“ಒಳಗ್ ಯಾರೂ ಇರ್ಬಾರ್ದಲ್ವಾಮ್ಮ?”

“ನೀವ್ ಕರೀರಿ ಸಾಮಿ.”

ಬಾಗಿಲು ಮುಚ್ಚಿತು. ಒಳಗೆ ಊದುಬತ್ತಿಯ ಹೊಗೆ, ಸಾರಿನ ವಾಸನೆ. ಫೋಟೋದಲ್ಲಿ ಚಲಪತಿ ಕಾರ್ಖಾನೆಯ ಗುರುತಿನ ಚೀಟಿಗೆ ತೆಗೆಸಿಕೊಂಡ ಮುಖದಲ್ಲಿ, ಯಾರೋ ನೆಟ್ಟಗೆ ಕೂತ್ಕೊಳ್ಳಿ ಎಂದದ್ದಕ್ಕೆ ನೆಟ್ಟಗೆ ಕೂತಿದ್ದ.

“ಚಲಪತಿಯವರೇ” ಎಂದ ಗೋವಿಂದರಾಜು. “ನಾನೀಗ ಒಂದರಿಂದ ಐದಕ್ಕೆ ಎಣಿಸುತ್ತೇನೆ. ಒಂದು. ನಿಮ್ಮ ಕೈಕಾಲುಗಳಿಗೆ ಬಲ ಬರುತ್ತಿದೆ.” ಅಂಜಿನಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. “ಎರಡು. ಉಸಿರು ಹಗುರಾಗುತ್ತಿದೆ. ಮೂರು.” ಹೊರಗಿನ ಗದ್ದಲ ಇದ್ದಕ್ಕಿದ್ದಂತೆ ನಿಂತಿತು, ಜನ ಕಿವಿಗೊಟ್ಟಿರಬೇಕು. “ನಾಲ್ಕು. ನಿಮ್ಮ ಎದೆಯ ಮೇಲಿನ ಭಾರ...”

ಪಾಠದ ವಾಕ್ಯವೇ ಅದು. ಎಲ್ಲರಿಗೂ ಹೇಳುವಂಥದ್ದು. ಎದೆಯ ಮೇಲಿನ ಭಾರ ಇಳಿದಿದೆ ಎಂದು ಮುಗಿಸಬೇಕು. ಅವನಿಗೆ ಮುಗಿಸಲಾಗಲಿಲ್ಲ. ಫೋಟೋದ ಮುಖ ಕಾಯುತ್ತಿತ್ತು.

“ಎದೆ ಭಾರ ಅಂದ್ರಿ ನೀವು” ಎಂದ. ದನಿ ತಳದಿಂದ ಮೇಲಕ್ಕೆ ಬಂದು ಒಡೆದಿತ್ತು. ಯಾರಿಗೂ ನಿದ್ದೆ ಬರಿಸುವಂಥ ದನಿಯಾಗಿ ಉಳಿದಿರಲಿಲ್ಲ. “ನಾನು ಮನಸ್ಸಿನ ಭಾರ ಅಂದೆ. ನಂಗೇನ್ರೀ ಗೊತ್ತಿತ್ತು? ಗೊತ್ತಿಲ್ಲ ಅನ್ಬೇಕಾಗಿತ್ತು. ಆಸ್ಪತ್ರೆಗೆ ಹೋಗಿ ಅನ್ಬೇಕಾಗಿತ್ತು. ಡಾಕ್ಟ್ರು ಬೇಡ ಅಂದ್ಬಿಟ್ಟೆ. ಬೋರ್ಡಲ್ಲಿ ಜಾಗ ಖಾಲಿ ಇತ್ತು ಅಂತ ಬರೆಸಿದ್ದ ಕಾಯಿಲೆ ಅದು ಚಲಪತಿಯವರೇ, ನೀವು ನಂಬ್ಕೊಂಡು ಬಂದ್ರಿ.” ಕೊನೆಗೆ, “ಐದು. ಏಳಿ” ಎಂದ.

ಏನೂ ಆಗಲಿಲ್ಲ. ಟೀ ಮೇಲೆ ಕೆನೆ ಕಟ್ಟಿತ್ತು. ಮೂಲೆಯ ಕಡೆ ತಿರುಗುವ ಧೈರ್ಯ ಅವನಿಗಿರಲಿಲ್ಲ.

“ಯಾವಾಗ ಬಂದಿದ್ರು ನಿಮ್ಮತ್ರ?” ಅಂಜಿನಮ್ಮ ಕೇಳಿದಳು.

“ಏಪ್ರಿಲ್‌ನಲ್ಲಿ. ಒಬ್ಬರೇ.”

“ನಂಗೆ ಹೇಳ್ಲಿಲ್ಲ.” ಬೈಗುಳಕ್ಕೆ ಗೋವಿಂದರಾಜು ಬೆನ್ನು ಕೊಟ್ಟು ಕಾದ. “ಯುಗಾದಿಗ್ ಮುಂಚೇನೇ ನಂಗಂದ್ರು, ಎದೆ ಹಿಡ್ಕೊಂಡಂಗಾಗ್ತದೆ ಅಂಜಿನಿ ಅಂತ. ಗ್ಯಾಸು ಅಂದೆ. ಜೀರಿಗೆ ಕಷಾಯ ಕಾಸ್ಕೊಟ್ಟೆ. ಕುಡುದ್ರು. ದಿನಾ ಕೊಟ್ಟೆ, ದಿನಾ ಕುಡುದ್ರು.” ಅವಳು ಮೂಗು ಒರೆಸಿಕೊಂಡಳು. “ಇದುನ್ನ ಯಾರ್ಗೂ ಹೇಳಿಲ್ಲ ನಾನು. ಅರ್ಪಿತಂಗೂ.”

ಗೋವಿಂದರಾಜು ಈಗ ತಿರುಗಿ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಎಲೆಯ ಹಿಂದೆ, ಫೋಟೋಕ್ಕಿಂತ ಸ್ವಲ್ಪ ಈಚೆಗೆ, ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂತರೆ ಅವನ ಮುಖ ಎಲ್ಲಿರುತ್ತದೋ ಅಲ್ಲಿ ನೋಡುತ್ತಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು. “ಅಂಜಿನಮ್ಮ, ತೆಗೀಲಾ?” ವೆಂಕಟರಮಣಪ್ಪನವರ ದನಿ. “ಜನ ಹಸ್ಕೊಂಡು ಕೂತವ್ರೆ.”

“ತಡೀರಿ ಭಾವ” ಎಂದಳು ಅಂಜಿನಮ್ಮ, ದನಿ ತಗ್ಗಿಸಿ, ಮನೆಯಲ್ಲಿ ಯಾರಿಗೋ ತೊಂದರೆಯಾಗಬಾರದು ಎಂಬಂತೆ. “ಈಗ್ ತಾನೆ ಎದ್ದು ಊಟಕ್ ಕೂತವ್ರೆ.”

ಗೋವಿಂದರಾಜುವಿಗೆ ಎಲೆಯ ಕಡೆ ಒಮ್ಮೆ ತಿರುಗಿ ನೋಡಬೇಕೆನಿಸಿತು. ಉಣ್ಣುವವರನ್ನು ನೋಡಬಾರದೆಂದು ತಲೆ ತಗ್ಗಿಸಿ ಕೂತ.